ಸಂಪಾದಕರ ಉತ್ತರ: ಉಳ್ಳವರಿಗೂ ವೃದ್ಧಾಪ್ಯ ವೇತನ ಯಾಕೆ?

ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನಮಗೆ ಉದ್ದದ ಪತ್ರ ಬರೆದಿದ್ದಾರೆ. 65 ದಾಟಿದ ಎಲ್ಲರಿಗೂ ವೃದ್ಧಾಪ್ಯ ವೇತನ ಸಿಗಬೇಕು ಎಂದು ಹಿಂದಿನ ಸಂಚಿಕೆಯಲ್ಲಿ ನಾವು ಬರೆದಿದ್ದೆವು. ಅದು ಅವರಿಗೆ ಒಪ್ಪಿಗೆಯಾಗಿಲ್ಲ. ಪತ್ರದ ತಿರುಳು ಇಷ್ಟು: "ನಮ್ಮ ಬೀದಿಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಎರಡು ಮಹಡಿ ಬಾಡಿಗೆಗೆ ಕೊಟ್ಟವರೊಬ್ಬರಿಗೆ ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ, ಅಂದರೆ ರಾಜ್ಯದ ವೃದ್ಧಾಪ್ಯ ವೇತನ, ಬರುತ್ತದೆ. ದೇವಸ್ಥಾನದ ಮುಂದೆ ಹೂ ಮಾರುವ 67ರ ಹೆಂಗಸಿಗೆ ಬರುವುದಿಲ್ಲ. ನನಗೆ ಸರ್ಕಾರಿ ಪಿಂಚಣಿ ಇದೆ, ಈ ದುಡ್ಡು ನನಗೆ ಬೇಡ. ಇದ್ದವರಿಗೂ ಇಲ್ಲದವರಿಗೂ ಒಂದೇ ಅಂದರೆ ಅದು ಯಾವ ನ್ಯಾಯ? ತಪಾಸಣೆ ಬಿಗಿ ಮಾಡಿ. ನಿಜವಾಗಿ ಬೇಕಾದವರಿಗೆ ಎರಡು ಪಟ್ಟು ಕೊಡಿ."

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಒಂದು ವಿಷಯ ಗಮನಿಸಿ. ನೀವು ಹೇಳಿದ ಇಬ್ಬರೂ ಈಗಿರುವ ತಪಾಸಣೆಯನ್ನು ಹಾದು ಬಂದವರೇ. ಬೇಕಾದವರಿಗೆ ಮಾತ್ರ ಎನ್ನುವ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ. ಅದರಲ್ಲಿ ಮಹಡಿ ಮನೆಯವರು ಪಾಸಾದರು, ಹೂ ಮಾರುವವರು ಫೇಲಾದರು. ಯಾಕೆ ಹೀಗಾಗುತ್ತದೆ ಅಂತ ನೋಡೋಣ.

ಸಂಧ್ಯಾ ಸುರಕ್ಷಾ 2007ರಲ್ಲಿ ಶುರುವಾದಾಗ ಗಂಡ-ಹೆಂಡತಿಯ ಆದಾಯ ಸೇರಿ ವರ್ಷಕ್ಕೆ 20,000 ರೂಪಾಯಿ ಮೀರಬಾರದು ಎಂಬ ನಿಯಮವಿತ್ತು. ಬ್ಯಾಂಕಿನಲ್ಲಿಟ್ಟ ಠೇವಣಿ 10,000 ದಾಟಬಾರದಿತ್ತು. ಆಮೇಲೆ ಪಿಂಚಣಿಗೆ ಆದಾಯದ ಮಿತಿ 32,000ಕ್ಕೆ ಏರಿತು. ಲೆಕ್ಕ ಹಾಕಿ, ದಿನಕ್ಕೆ 88 ರೂಪಾಯಿಯೂ ಆಗುವುದಿಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮನೆಯಲ್ಲಿ ಒಬ್ಬರೇ 87 ದಿನ ಮಣ್ಣು ಹೊತ್ತರೂ ಮಿತಿ ದಾಟಿಹೋಯಿತು. ಅಂದರೆ ಸರ್ಕಾರ ತಾನೇ ಬಡವರಿಗೆ ಅಂತ ಕೊಡುವ ಕೆಲಸ ಮಾಡಿದವರು ಸರ್ಕಾರದ ಇನ್ನೊಂದು ಕಾಗದದಲ್ಲಿ ಬಡವರಲ್ಲ. ಬಿಪಿಎಲ್ ಕಾರ್ಡಿಗೆ ಇದೇ ರಾಜ್ಯದಲ್ಲಿ ಮಿತಿ 1.2 ಲಕ್ಷ. ಅಕ್ಕಿ ಕೊಡುವಾಗ ಬಡವರಾದವರು ಪಿಂಚಣಿ ಕೇಳಿದಾಗ ಅನುಕೂಲಸ್ಥರಾಗಿಬಿಡುತ್ತಾರೆ.

ಇಂಥ ಮಿತಿಯೊಳಗೆ ನಿಜ ಹೇಳಿ ಬದುಕಿರುವವರು ಎಷ್ಟು ಜನ ಇರಬಹುದು? ಆದ್ದರಿಂದ ಆದಾಯದ ಸರ್ಟಿಫಿಕೇಟಿನಲ್ಲಿ ಬರುವ ಸಂಖ್ಯೆ ಬದುಕಿನ ಸಂಖ್ಯೆ ಅಲ್ಲ. ಹೂ ಮಾರುವವರಿಗೆ ಸಂಬಳದ ಚೀಟಿ ಇಲ್ಲ. ಶ್ರಾವಣದಲ್ಲಿ ನಾಲ್ಕು ಕಾಸು ಬರುತ್ತದೆ, ಆಷಾಢದಲ್ಲಿ ಮೊಳಕ್ಕೆ ಗಿರಾಕಿ ಇಲ್ಲ. ಅವರ ವರ್ಷದ ಆದಾಯವನ್ನು ಯಾರಾದರೂ ಅಂದಾಜಿನಲ್ಲೇ ಬರೆಯಬೇಕು. ಆ ಅಂದಾಜು ಎಷ್ಟಿದ್ದರೆ ಕೆಲಸ ಆಗುತ್ತದೆ, ಅರ್ಜಿ ಯಾವಾಗ ಹಾಕಬೇಕು, ಯಾರ ಹತ್ತಿರ ಮಾತಾಡಬೇಕು ಎಂಬುದು ಮಹಡಿ ಮನೆಯವರಿಗೆ ಗೊತ್ತು. ಈಕೆಗೆ ಗೊತ್ತಿಲ್ಲ. ಗೊತ್ತಿದ್ದರೂ ಒಂದು ದಿನ ನಾಡಕಚೇರಿಗೆ ಹೋದರೆ ಅವತ್ತಿನ ಹೂವು ಬಾಡಿತು, ಅವತ್ತಿನ ಬಂಡವಾಳ ಹೋಯಿತು. ತಪಾಸಣೆ ಇನ್ನಷ್ಟು ಬಿಗಿ ಮಾಡಿದರೆ ಇನ್ನೂ ಎರಡು ಕಾಗದ, ಇನ್ನೂ ಎರಡು ದಿನ. ಮಹಡಿ ಮನೆಯವರು ಆ ಕಾಗದಗಳನ್ನೂ ತರುತ್ತಾರೆ. ಹೊರಗೆ ಉಳಿಯುವವರು ಯಾರು ಅಂತ ನಿಮಗೇ ಗೊತ್ತಾಗುತ್ತದೆ, ಅಲ್ವಾ?

ನೀವು ಪರೀಕ್ಷೆ ನಡೆಸಿದವರು, ಹಾಗಾಗಿ ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಈಗ ಪರೀಕ್ಷೆ ಬರೆಯುತ್ತಿರುವುದು ಕಣ್ಣು ಮಂಜಾದ, ಓದು ಬಾರದ ಹಿರಿಯರು. ನಾವು ಕೇಳುತ್ತಿರುವುದು, ಆ ಪರೀಕ್ಷೆಯನ್ನು ಸರ್ಕಾರ ಬರೆಯಲಿ ಅಂತ. ಸರ್ಕಾರಿ ಪಿಂಚಣಿ ಪಡೆಯುವವರ ಪಟ್ಟಿ ಸರ್ಕಾರದ ಖಜಾನೆಯಲ್ಲೇ ಇದೆ. ಆದಾಯ ತೆರಿಗೆ ಕಟ್ಟುವವರ ಪಟ್ಟಿ ತೆರಿಗೆ ಇಲಾಖೆಯಲ್ಲಿದೆ. ಆ ಎರಡು ಪಟ್ಟಿಯಲ್ಲಿ ಇರುವವರನ್ನು ಬಿಡಿ, ಉಳಿದ ಎಲ್ಲರಿಗೂ 65 ತುಂಬಿದ ತಿಂಗಳಿಂದ ಹಣ ಹೋಗಲಿ. ವಯಸ್ಸು ಒಂದನ್ನು ನೋಡಿದರೆ ಸಾಕು. ನಾವು ಎಲ್ಲರಿಗೂ ಎಂದಿದ್ದರ ಅರ್ಥ ಇದು. ಇದರಲ್ಲಿ ನೀವು ಹೊರಗಿರುತ್ತೀರಿ, ನೀವು ಬಯಸಿದ ಹಾಗೆಯೇ. ಮಹಡಿ ಮನೆಯವರು ತೆರಿಗೆ ಕಟ್ಟುತ್ತಿದ್ದರೆ ಅವರೂ ಹೊರಗೆ. ಕಟ್ಟುತ್ತಿಲ್ಲವಾದರೆ ಅವರಿಗೆ 1,200 ಹೋಗುತ್ತದೆ. ಹೋಗಲಿ ಬಿಡಿ. ಅವರನ್ನು ತಡೆಯುವುದಕ್ಕೆ ಕಟ್ಟಿದ ಬೇಲಿಯೇ ಹೂ ಮಾರುವವರಿಗೆ ಅಡ್ಡ ಬರುತ್ತದೆ ಎಂದಾದರೆ ಆ ಬೇಲಿ ನಮಗೆ ಬೇಡ.

ಇದು ಕೈಲಾಗದ ಕೆಲಸವೇನಲ್ಲ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯಲ್ಲಿ ಆದಾಯ ತೆರಿಗೆ ಮತ್ತು ಜಿಎಸ್‌ಟಿ ಕಟ್ಟುವವರ ಮನೆಗಳನ್ನು ಪಟ್ಟಿ ನೋಡಿಯೇ ಹೊರಗಿಟ್ಟರು. ಅಲ್ಲೂ ತಪ್ಪುಗಳಾಗಿವೆ. ತೆರಿಗೆಯ ಮುಖವನ್ನೇ ನೋಡದ ಹೆಂಗಸರ ಹೆಸರು ತೆರಿಗೆದಾರರ ಪಟ್ಟಿಯಲ್ಲಿ ಕಂಡು ಹಣ ನಿಂತ ದೂರುಗಳಿವೆ. ಹಾಗಾಗಿ ತಪ್ಪನ್ನು ಬೇಗ ಸರಿಪಡಿಸುವ ದಾರಿಯೂ ಜೊತೆಗೇ ಇರಬೇಕು. ಅದೇ ವರ್ಷ ಬಂದ ಶಕ್ತಿ ಯೋಜನೆಯಲ್ಲಂತೂ ಆದಾಯದ ಪ್ರಶ್ನೆಯೇ ಇಲ್ಲ. ರಾಜ್ಯದ ಹೆಂಗಸು ಅಂತ ಗುರುತಿನ ಚೀಟಿ ತೋರಿಸಿದರೆ ಟಿಕೆಟ್ ಬರುತ್ತದೆ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್‌ನಲ್ಲಿ 5 ಲಕ್ಷದವರೆಗಿನ ಚಿಕಿತ್ಸೆ ಕೊಟ್ಟಿತು. ಆಸ್ಪತ್ರೆಗೆ ವಯಸ್ಸು ಸಾಕಾದರೆ ಊಟಕ್ಕೆ ಯಾಕೆ ಸಾಲದು?

ಬ್ರಿಟನ್ನಿನಲ್ಲಿ ಈಚೆಗೆ ನಡೆದದ್ದನ್ನೂ ನೋಡಿ. ಅಲ್ಲಿ 1997ರಿಂದ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹಿರಿಯರಿಗೆಲ್ಲ ಒಂದು ಭತ್ಯೆ ಕೊಡುತ್ತಿದ್ದರು. ಒಂದು ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300. ಶ್ರೀಮಂತರಿಗೂ ಹೋಗುತ್ತದೆ, ದುಂದು ಎಂದು 2024ರ ಜುಲೈನಲ್ಲಿ ಹೊಸ ಸರ್ಕಾರ ಅದನ್ನು ಬಡ ಹಿರಿಯರಿಗೆ ಸೀಮಿತ ಮಾಡಿತು. ಪೆನ್ಷನ್ ಕ್ರೆಡಿಟ್‌ನಂಥ ಬಡವರ ಸಹಾಯ ಪಡೆಯುವವರಿಗೆ ಮಾತ್ರ ಎಂದಿತು. ಕೋಟಿಗೂ ಮೀರಿದ್ದ ಫಲಾನುಭವಿಗಳು ಸುಮಾರು 15 ಲಕ್ಷಕ್ಕೆ ಇಳಿದರು. ಆದರೆ ಆ ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾದವರಲ್ಲಿ ಸುಮಾರು ಮೂರರಲ್ಲೊಬ್ಬರು ಅದನ್ನು ಪಡೆಯುತ್ತಲೇ ಇರಲಿಲ್ಲ. ಓದು ಬಲ್ಲ, ಕಂಪ್ಯೂಟರ್ ಇರುವ ದೇಶದ ಮಾತಿದು. ಹೀಗಾಗಿ ಚಳಿಗೆ ಸಿಕ್ಕಿದವರಲ್ಲಿ ತೀರಾ ಬಡವರೂ ಇದ್ದರು. ಜನ ಸುಮ್ಮನಿರಲಿಲ್ಲ. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೊದಲು ಹಿರಿಯರಿಗೆಲ್ಲ ಕೊಡುತ್ತಾರೆ, ವರ್ಷದ ಆದಾಯ 35,000 ಪೌಂಡ್ ದಾಟಿದವರಿಂದ ತೆರಿಗೆಯ ಮೂಲಕ ವಾಪಸ್ ತೆಗೆದುಕೊಳ್ಳುತ್ತಾರೆ. ನನಗೆ ಈ ಕ್ರಮ ಹಿಡಿಸಿತು. ಶ್ರೀಮಂತರನ್ನು ಹುಡುಕುವ ಕೆಲಸ ತೆರಿಗೆ ಇಲಾಖೆಯದ್ದು. ಬಡತನ ತೋರಿಸುವ ಕೆಲಸ ಮುದುಕರದ್ದಲ್ಲ.

ಅಷ್ಟು ದೂರ ಯಾಕೆ, ನೇಪಾಳವೇ ಇದೆ. ನಮಗಿಂತ ಬಡ ದೇಶ. 1990ರ ದಶಕದ ಮಧ್ಯದಲ್ಲಿ 75 ದಾಟಿದವರಿಗೆ ತಿಂಗಳಿಗೆ ಅವರ 100 ರೂಪಾಯಿಯಿಂದ ಶುರು ಮಾಡಿತು. ಈಗ 68ಕ್ಕೆ ಬಂದಿದೆ, 4,000 ನೇಪಾಳಿ ರೂಪಾಯಿ ಕೊಡುತ್ತದೆ. ನಮ್ಮ ದುಡ್ಡಿನಲ್ಲಿ 2,500. ಆದಾಯದ ಸರ್ಟಿಫಿಕೇಟು ಕೇಳುವುದಿಲ್ಲ.

ಖರ್ಚಿನ ಮಾತು. ಹೊಸದಾಗಿ 10 ಲಕ್ಷ ಹಿರಿಯರು ಸೇರಿದರು ಎಂದುಕೊಳ್ಳಿ. ತಿಂಗಳಿಗೆ 1,200ರಂತೆ ವರ್ಷಕ್ಕೆ 1,440 ಕೋಟಿ. ರಾಜ್ಯದ 2025-26ರ ಬಜೆಟ್ 4.09 ಲಕ್ಷ ಕೋಟಿ. ನೂರು ರೂಪಾಯಿಯಲ್ಲಿ 35 ಪೈಸೆ. ಚಿಕ್ಕ ಮೊತ್ತ ಅಂತ ಹೇಳುತ್ತಿಲ್ಲ, ಹಿರಿಯರ ಸಂಖ್ಯೆ ವರ್ಷ ವರ್ಷ ಬೆಳೆಯುತ್ತದೆ ಎಂಬುದೂ ನಿಜ. ಆದರೆ ರಾಜ್ಯ ಮುಳುಗಿಹೋಗುವ ಮೊತ್ತವಂತೂ ಅಲ್ಲ.

ಮಕ್ಕಳು ನೋಡಿಕೊಳ್ಳಬೇಕಲ್ಲವೇ ಎಂದೂ ನೀವು ಕೇಳಿದ್ದೀರಿ. ನೋಡಿಕೊಳ್ಳಬೇಕು. ಅದಕ್ಕೆ 2007ರ ಕಾನೂನೂ ಇದೆ. ಉಪವಿಭಾಗಾಧಿಕಾರಿ ಮುಂದೆ ದೂರು ಕೊಟ್ಟು ಮಕ್ಕಳಿಂದ ಜೀವನಾಂಶ ಪಡೆಯಬಹುದು. ಆದರೆ ಹೆತ್ತ ಮಗನ ಮೇಲೆ ದೂರು ಕೊಡುವ ತಾಯಂದಿರು ಎಷ್ಟು ಜನ? "ನನ್ನ ಮಗ ಒಳ್ಳೆಯವನೇ, ಅವನಿಗೇ ಕಷ್ಟ" ಎನ್ನುವವರೇ ಜಾಸ್ತಿ. ನಮಗೆ ಬರುವ ಪತ್ರಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಬಡತನ ತೋರಿಸಿ ಅಂದರೆ ಎಷ್ಟೋ ಸಲ ಮಗ ಅನ್ನ ಹಾಕುತ್ತಿಲ್ಲ ಎಂದು ಊರ ಮುಂದೆ ಹೇಳಿ ಅಂತಲೇ ಅರ್ಥ. ಮರ್ಯಾದೆಗೆ ಅಂಜಿ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಎಲ್ಲರಿಗೂ ಬರುವ ಹಣಕ್ಕೆ ಆ ಅವಮಾನ ಇರುವುದಿಲ್ಲ. ಸೊಸೆಯ ಕೈ ನೋಡದೆ ಮಾತ್ರೆ ತರಿಸಿಕೊಳ್ಳಬಹುದು, ಮೊಮ್ಮಗುವಿಗೆ ಬಿಸ್ಕತ್ತು ಕೊಡಿಸಬಹುದು. ಮನೆಯಲ್ಲಿ ಅಜ್ಜಿಯ ಮಾತಿಗೆ ಸ್ವಲ್ಪ ಬೆಲೆ ಬರುತ್ತದೆ.

ಹಾಂ, ಕಾನೂನು ಬದಲಾಗುವ ತನಕ ಆ ಹೂ ಮಾರುವವರು ಕಾಯಬೇಕಿಲ್ಲ. ಆಧಾರ್, ವಯಸ್ಸಿನ ದಾಖಲೆ, ಪಾಸ್‌ಬುಕ್, ರೇಷನ್ ಕಾರ್ಡ್ ಹಿಡಿದು ನೀವೇ ಒಮ್ಮೆ ಅವರ ಜೊತೆ ನಾಡಕಚೇರಿಗೆ ಹೋಗಿಬನ್ನಿ. ಹಿಂದೆ ಅರ್ಜಿ ತಿರಸ್ಕಾರ ಆಗಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ಮಂಜೂರಾದ ಹಣವೂ ಎಷ್ಟೋ ಸಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಕೊನೆಗೆ, ಬೇಕಾದವರಿಗೆ ಎರಡು ಪಟ್ಟು ಕೊಡಿ ಎಂಬ ನಿಮ್ಮ ಮಾತು. ಇದು ನಿಮ್ಮ ಪತ್ರದ ಗಟ್ಟಿ ಮಾತು. 1,200 ಸಾಲದು ಎಂಬುದರಲ್ಲಿ ನಮಗೂ ಅನುಮಾನವಿಲ್ಲ. ಆದರೆ ಬಡವರಿಗೆ ಮಾತ್ರ ಎಂದು ಇಟ್ಟ ಹಣ ಎರಡು ಪಟ್ಟಾಗುತ್ತದೆಯೇ? ಕೇಂದ್ರದ ವೃದ್ಧಾಪ್ಯ ವೇತನ 1995ರ ಆಗಸ್ಟ್ 15ರಂದು 75 ರೂಪಾಯಿಯಿಂದ ಶುರುವಾಯಿತು. 2007ರಲ್ಲಿ ಇಂದಿರಾ ಗಾಂಧಿ ಹೆಸರಿಟ್ಟು ಬಿಪಿಎಲ್ ಮನೆಗಳ ಹಿರಿಯರಿಗೆಲ್ಲ ವಿಸ್ತರಿಸಿದಾಗ ಕೇಂದ್ರದ ಪಾಲು 200. ಇವತ್ತೂ 79ರವರೆಗೆ ಅದೇ 200. 80 ದಾಟಿದವರಿಗೆ 2011ರಿಂದ 500, ಅದೂ ಅಲ್ಲೇ ನಿಂತಿದೆ. ಇಷ್ಟು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಯಾಕೆಂದರೆ ಆ ಪಟ್ಟಿಯಲ್ಲಿ ಇರುವವರೆಲ್ಲ ದನಿ ಇಲ್ಲದವರು. ನಿಮ್ಮ ಪಿಂಚಣಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಸೇರುತ್ತದೆ, ಸೇರಲೇಬೇಕು. ಒಂದು ಸಲ ತಡವಾದರೆ ನಿಮ್ಮ ಸಂಘ ಮನವಿ ಕೊಡುತ್ತದೆ. ಹೂ ಮಾರುವವರಿಗೆ ಅಂಥ ಸಂಘ ಇಲ್ಲ. ಅದೇ ಪಟ್ಟಿಯಲ್ಲಿ ಅಂಗಡಿಯವರ ತಾಯಿ, ರೈತ ಮುಖಂಡರ ತಂದೆ ಇದ್ದಿದ್ದರೆ 200 ರೂಪಾಯಿ ಇಷ್ಟು ಕಾಲ 200 ಆಗಿಯೇ ಉಳಿಯುತ್ತಿರಲಿಲ್ಲ. ರಾಜಸ್ಥಾನ 2023ರಲ್ಲಿ ಪಿಂಚಣಿ ಪ್ರತಿ ವರ್ಷ ಶೇಕಡಾ 15ರಷ್ಟು ಏರಬೇಕು ಎಂದು ಕಾನೂನನ್ನೇ ಮಾಡಿತು. ಇಲ್ಲೂ ಅಂಥದ್ದು ಬೇಕು.

ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗಿದ್ದಾರೆ. ಈ 200 ರೂಪಾಯಿ ಯಾವಾಗ ಏರುತ್ತದೆ ಎಂದು ನಿಮ್ಮ ನಿವೃತ್ತ ಶಿಕ್ಷಕರ ಸಂಘದಿಂದ ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ಎಲ್ಲರಿಗೂ ಬೇಕು ಎಂಬ ನಮ್ಮ ವಾದ ನಿಮಗೆ ಒಪ್ಪಿಗೆಯಾಗದಿದ್ದರೂ ಇದನ್ನು ಬರೆಯಬಹುದು. ಆ ಪತ್ರವನ್ನೂ ಅದಕ್ಕೆ ಬಂದ ಉತ್ತರವನ್ನೂ ನಮಗೆ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ.

— ಸಂ.