ಹೆಲ್ತ್ ಫಾಸೆಟ್ ಪೈಪು ಪದೇ ಪದೇ ಒಡೆಯುತ್ತಿದೆಯೇ?

ಪ್ರಶ್ನೆ: ಗುಡ್ಡದ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಗುಹೆ) ನೀರನ್ನು ಪೈಪಿನಲ್ಲಿ ನೇರ ಮನೆಗೆ ತಂದಿದ್ದೇವೆ. ಟಾಯ್ಲೆಟ್‌ನ ಹೆಲ್ತ್ ಫಾಸೆಟ್ ಪೈಪು ಮಾತ್ರ ಎಷ್ಟು ಸಲ ಬದಲಿಸಿದರೂ ಒಡೆಯುತ್ತದೆ. ಒಳ್ಳೆಯ ಕಂಪನಿಯದ್ದೇ ಹಾಕಿದರೂ ಅದೇ ಕಥೆ. ಏನು ಮಾಡೋಣ?
– ಓದುಗರು, ಪೆರ್ಲ

ಬಳಸಿದ ಮೇಲೆ ಗೋಡೆಯಲ್ಲಿರುವ ಆಂಗಲ್ ಕಾಕ್ (ಆ ಪೈಪಿಗೆ ನೀರು ಬಿಡುವ ಸಣ್ಣ ನಳ್ಳಿ) ಬಂದ್ ಮಾಡುತ್ತೀರಾ? ಹೆಚ್ಚಿನ ಮನೆಗಳಲ್ಲಿ ಮಾಡುವುದಿಲ್ಲ. ಗನ್ನಿನ, ಅಂದರೆ ಕೈಯಲ್ಲಿ ಹಿಡಿಯುವ ತುದಿಯ ಗುಂಡಿ ಬಿಟ್ಟರೆ ನೀರು ನಿಲ್ಲುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಆ ಪೈಪಿನೊಳಗೆ ಹಗಲೂ ರಾತ್ರಿ ಒತ್ತಡ ಕೂತಿರುತ್ತದೆ. ಹೊರಗೆ ಹೊಳೆಯುವ ಸ್ಟೀಲ್ ಸುತ್ತು ಬರೀ ಕವಚ. ನೀರನ್ನು ಹಿಡಿದಿಡುವುದು ಒಳಗಿನ ತೆಳು ಕೊಳವೆ. ಅದು ಮೊದಲು ಸೋಲುವುದು ನಟ್ಟಿನ ಪಕ್ಕದಲ್ಲಿ, ಪೈಪು ಮಡಚುವ ಜಾಗದಲ್ಲಿ.

ನಿಮ್ಮ ಮನೆಗೆ ಇನ್ನೊಂದು ಕಾರಣವೂ ಇದೆ. ಒತ್ತಡ ಬರುವುದು ಎತ್ತರದಿಂದ, ಪೈಪಿನ ಉದ್ದದಿಂದ ಅಲ್ಲ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಒತ್ತಡದ ಅಳತೆ) ಲೆಕ್ಕ. ಒಂದೇ ಅಂತಸ್ತಿನ ಮನೆಯಲ್ಲಿ ತಾರಸಿಯ ಟ್ಯಾಂಕಿನಿಂದ ಬರುವುದು ಸುಮಾರು ಅರ್ಧ ಬಾರ್. ಸುರಂಗದ ಬಾಯಿ ಮನೆಗಿಂತ 40 ಮೀಟರ್ ಮೇಲಿದ್ದರೆ, ನಳ್ಳಿಗಳೆಲ್ಲ ಬಂದ್ ಆದಾಗ ಪೈಪಿನ ಮೇಲೆ 4 ಬಾರ್ ಬೀಳುತ್ತದೆ. ನಳ್ಳಿಗಳೆಲ್ಲ ಬಂದ್ ಇರುವ ರಾತ್ರಿ ಹೊತ್ತು ಪೈಪು ಒಡೆಯಬಹುದಾದದ್ದು ಇದಕ್ಕೇ.

ಸುರಂಗದ ನೀರನ್ನು ಮೊದಲು ತಾರಸಿಯ ಟ್ಯಾಂಕಿಗೆ ಬಿಡಿ. ಅಲ್ಲಿಂದ ಮನೆಗೆ ಕೊಡಿ. ಟ್ಯಾಂಕಿಗೆ ಫ್ಲೋಟ್ ವಾಲ್ವ್ (ಟ್ಯಾಂಕು ತುಂಬಿದಾಗ ತಾನೇ ಮುಚ್ಚಿಕೊಳ್ಳುವ ನಳ್ಳಿ) ಹಾಕಬೇಡಿ. ಅದು ಮುಚ್ಚಿಕೊಂಡರೆ ಗುಡ್ಡದ ಪೈಪಿನ ಮೇಲೆ ಮತ್ತೆ ಅಷ್ಟೇ ಭಾರ. ತುಂಬಿ ಹೆಚ್ಚಾದ ನೀರು ಕೆರೆಗೋ ತೋಟಕ್ಕೋ ಹೋಗಲಿ. ಇಷ್ಟಾದರೂ ಆಂಗಲ್ ಕಾಕ್ ಬಂದ್ ಮಾಡುವ ಅಭ್ಯಾಸ ಬೇಕೇ ಬೇಕು. ಮನೆಯವರೆಲ್ಲ ಮದುವೆಗೆ ಹೋಗಿ ಬರುವಷ್ಟರಲ್ಲಿ, ಒಡೆದ ಪೈಪಿನಿಂದ ಟ್ಯಾಂಕು ಪೂರ್ತಿ ಖಾಲಿಯಾದದ್ದನ್ನು ನೋಡಿದ್ದೇನೆ. ಏಪ್ರಿಲ್ ತಿಂಗಳಲ್ಲಿ, ಸುರಂಗದ ನೀರು ನೂಲಿನಂತೆ ಇಳಿಯುವಾಗ, ಆ ನಷ್ಟ ಸಣ್ಣದಲ್ಲ.

ಪ್ರಶ್ನೆ: ನಮ್ಮದು ಕೊಳವೆಬಾವಿ ನೀರು. ಫಾಸೆಟ್‌ನಲ್ಲಿ ನೀರು ಸಣ್ಣಗೆ, ಸೊಟ್ಟಗೆ ಬರುತ್ತದೆ. ವಿನೆಗರ್‌ನಲ್ಲಿ ನೆನೆಸಿದರೂ ಸರಿಯಾಗಲಿಲ್ಲ.
– ಓದುಗರು, ಬದಿಯಡ್ಕ

ಮೊದಲು ಗನ್ ಬಿಚ್ಚಿ ಪೈಪಿನ ಬಾಯಿಯನ್ನು ಬಕೆಟ್‌ಗೆ ಹಿಡಿಯಿರಿ. ನೀರು ಜೋರಾಗಿ ಬಂದರೆ ತೊಂದರೆ ಗನ್ನಿನಲ್ಲಿದೆ. ಅಲ್ಲೂ ಸಣ್ಣಗೇ ಬಂದರೆ ಆಂಗಲ್ ಕಾಕ್ ಒಳಗೆ ಕಸ ಕಟ್ಟಿರಬಹುದು.

ಬಿಳಿ ಸುಣ್ಣದ ಪದರಕ್ಕೆ ವಿನೆಗರ್ ಒಳ್ಳೆಯದೇ. ಆದರೆ ನಮ್ಮ ಕಾಸರಗೋಡು ಕಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ಸುಣ್ಣದ ಕಾಟ ಸಾಮಾನ್ಯವಾಗಿ ಕಡಿಮೆ, ಕಬ್ಬಿಣದ್ದು ಜಾಸ್ತಿ. ಗನ್ನಿನ ಮುಖ ತಿರುಗಿಸಿ ನೋಡಿ. ತೂತುಗಳ ಸುತ್ತ ಕೆಂಪು-ಕಂದು ಲೋಳೆ ಕಾಣುತ್ತದೆ, ಅಲ್ವಾ? ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಒಂದೊಂದೇ ತೂತನ್ನು ಸೂಜಿಯಿಂದ ಬಿಡಿಸಿ. ಆಮೇಲೆ ಸಿಟ್ರಿಕ್ ಆ್ಯಸಿಡ್ ಪುಡಿ ಕರಗಿಸಿದ ನೀರಿನಲ್ಲಿ ಅರ್ಧ ಗಂಟೆ ಇಡಿ. ನಿಂಬೆರಸವೂ ಆಗುತ್ತದೆ. ರಾತ್ರಿಯಿಡೀ ಬಿಟ್ಟರೆ ಮೇಲಿನ ಲೇಪ ಹಾಳಾಗಬಹುದು. ಇದರ ಜೊತೆ ಬ್ಲೀಚಿಂಗ್ ಪೌಡರ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಟ್ಯಾಂಕಿನ ತಳದ ಕೆಂಪು ಕೆಸರು ತೆಗೆಯದಿದ್ದರೆ ಗನ್ ಮತ್ತೆ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ನಟ್ಟಿನ ಹತ್ತಿರ ಹನಿ ನಿಲ್ಲುವುದೇ ಇಲ್ಲ. ಟೆಫ್ಲಾನ್ ಟೇಪು ಸುತ್ತಿದ್ದೂ ಆಯಿತು, ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿದ್ದೂ ಆಯಿತು.
– ಓದುಗರು, ಕುಂಬಳೆ

ಟೇಪು ಬೇಕಾದದ್ದು ಆಂಗಲ್ ಕಾಕ್ ಗೋಡೆಗೆ ಕೂರುವ ತಿರುಪಿಗೆ. ಪೈಪಿನ ನಟ್ಟಿನಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಶರ್. ಅದು ಗಟ್ಟಿಯಾಗಿದ್ದರೆ ಅರ್ಧ ಇಂಚಿನ ಹೊಸ ವಾಶರ್ ಹಾಕಿ, ಕೈಯಲ್ಲೇ ಬಿಗಿ ಮಾಡಿ. ಹನಿ ಬಂದರೆ ಸ್ಪ್ಯಾನರ್‌ನಿಂದ ಕಾಲು ಸುತ್ತು, ಅಷ್ಟೇ ಸಾಕು. ಸುಮ್ನೆ ಬಲ ಹಾಕಿದರೆ ನಟ್ಟು ಬಿರಿಯುತ್ತದೆ. ನಮ್ಮ ಬಾವಿ ನೀರು ಬಹಳ ಕಡೆ ಸ್ವಲ್ಪ ಹುಳಿ ಸ್ವಭಾವದ್ದು, ಅಗ್ಗದ ನಟ್ಟುಗಳನ್ನು ತಿಂದು ಹಾಕುತ್ತದೆ. ಅಂಗಡಿಯಲ್ಲಿ ನಟ್ಟಿನ ತಿರುಪಿನ ಒಳಭಾಗ ನೋಡಿ. ಹಳದಿ ಹಿತ್ತಾಳೆ ಕಂಡರೆ ತೆಗೆದುಕೊಳ್ಳಿ.

ಪ್ರಶ್ನೆ: ಗನ್ನನ್ನು ಬಕೆಟ್‌ನ ನೀರಿನಲ್ಲೇ ಬಿಟ್ಟರೆ ತೊಂದರೆಯೇ?
– ಓದುಗರು, ಮಂಜೇಶ್ವರ

ತೊಂದರೆ ಇದೆ. ಲೈನಿನಲ್ಲಿ ನೀರು ಖಾಲಿಯಾಗಿ ಕೆಳಗಿನ ನಳ್ಳಿ ತೆರೆದಾಗ ಪೈಪು ನೀರನ್ನು ಹಿಂದಕ್ಕೆ ಎಳೆಯುತ್ತದೆ. ಗನ್ನಿನ ವಾಲ್ವ್ ಸವೆದಿದ್ದರೆ ಬಕೆಟ್‌ನ ಕೊಳಕು ನೀರು ಅದೇ ಪೈಪಿಗೆ ಸೇರುತ್ತದೆ. ಅಡುಗೆಮನೆಗೂ ಅದೇ ಲೈನಾದರೆ ಇದು ಆರೋಗ್ಯದ ಪ್ರಶ್ನೆ. ಕೊಕ್ಕೆಯನ್ನು ಕಮೋಡ್‌ನ ಅಂಚಿಗಿಂತ ಸಾಕಷ್ಟು ಮೇಲೆ ಹಾಕಿಸಿ. ಆಂಗಲ್ ಕಾಕ್ ಹತ್ತಿರ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಒಂದು ನಾನ್-ರಿಟರ್ನ್ ವಾಲ್ವ್ ಕೂಡಾ ಕೂರಿಸಲು ಪ್ಲಂಬರ್‌ಗೆ ಹೇಳಿ.