ಹಿರಿಯೂರು ಕಡೆ ಮಾಂಸ ಮತ್ತು ಉಣ್ಣೆ ಎರಡಕ್ಕೂ ಮೊಲ ಸಾಕಬಹುದಾ? ಯಾವ ತಳಿ ಒಳ್ಳೆಯದು?

ಉಣ್ಣೆಯ ಆಸೆ ಬಿಡಿ. ಉಣ್ಣೆ ಕೊಡುವ ಅಂಗೋರಾ ತಳಿ ಹಿಮಾಚಲದ ಕುಲು ಕಡೆಯ ತಂಪು ಬೆಟ್ಟಗಳಿಗೆ ಸರಿ. ನಮ್ಮ ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಆ ದಪ್ಪ ತುಪ್ಪಳ ಹೊತ್ತು ಪಾಪ, ನರಳುತ್ತದೆ.

ಮಾಂಸಕ್ಕೆ ನ್ಯೂಜಿಲೆಂಡ್ ವೈಟ್ ಅಥವಾ ಸೋವಿಯತ್ ಚಿಂಚಿಲಾ ತಗೊಳ್ಳಿ. ಬೆಳೆದ ಮೇಲೆ 4ರಿಂದ 5 ಕೆಜಿ ತೂಗುತ್ತವೆ. ಆದರೆ ಇವಕ್ಕೂ ಸೆಕೆ ತಡೆಯುವುದಿಲ್ಲ. 30 ಡಿಗ್ರಿ ದಾಟಿ ಬಿಸಿ ಹಾಗೇ ಇದ್ದರೆ ಗಂಡಿನ ಫಲವತ್ತತೆ ಕುಗ್ಗುತ್ತದೆ. ಕಡುಬೇಸಿಗೆಯಲ್ಲಿ ಜೋಡಿ ಮಾಡಿಸಬೇಡಿ. ತಗಡಿನ ಶೆಡ್ಡಂತೂ ಬೇಡವೇ ಬೇಡ, ಮರದ ನೆರಳಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ, ನೀರು ಸದಾ ಇರಲಿ.

ಗಬ್ಬ ಸುಮಾರು 31 ದಿನ. ಈಯುವ ಮೂರ್ನಾಲ್ಕು ದಿನ ಮುಂಚೆಯೇ ಒಣಹುಲ್ಲು ಹಾಸಿದ ಪೆಟ್ಟಿಗೆ ಇಡಿ. ಮೇವಿಗೆ ಹುಲ್ಲು, ಕುದುರೆಮೆಂತೆ. ಮಕ್ಕಳು ಮುದ್ದಿಗೆ ಒಂದೆರಡು ಕೇಳಿದರೆ ಕೊಡಿ, ಕಿವಿ ಹಿಡಿದು ಎತ್ತಬಾರದು ಅಂತ ಮೊದಲೇ ಹೇಳಿ.