ಲೋನ್ ಮೇಲೆ ಬಂದ ಮಿಡ್‌ಫೀಲ್ಡರ್ ಯಾಕೆ ಕೈಕೊಡುತ್ತಾನೆ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಕಾಲೇಜು ದಿನಗಳಿಂದ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಅಭಿಮಾನಿ. 2022ರಲ್ಲಿ ಇಟಲಿಯ ಯುವೆಂಟಸ್‌ನಿಂದ ಮಿಡ್‌ಫೀಲ್ಡರ್ (ಮೈದಾನದ ಮಧ್ಯದಲ್ಲಿ ಆಡುವವರು) ಆರ್ಥರ್ ಮೆಲೊ ಲೋನ್ ಮೇಲೆ, ಅಂದರೆ ಒಂದು ಸೀಸನ್‌ಗೆ ಎರವಲಾಗಿ, ಬಂದಾಗ ಕುಣಿದಾಡಿದ್ದೆ. ಬ್ರೆಜಿಲ್ ಆಟಗಾರ, ಬಾರ್ಸಿಲೋನಾದಲ್ಲಿ ಆಡಿದವರು. ಕೊನೆಗೆ ಇಡೀ ಸೀಸನ್‌ನಲ್ಲಿ ಆಡಿದ್ದು 13 ನಿಮಿಷ! ಇವತ್ತಿಗೂ ಗೆಳೆಯರು ಆ ವಿಷಯ ತೆಗೆದು ಕಾಲೆಳೆಯುತ್ತಾರೆ. ಅಷ್ಟು ಒಳ್ಳೆಯ ಆಟಗಾರ ಹೀಗಾಗಿದ್ದು ಹೇಗೆ? ತಪ್ಪು ಅವರದಾ, ಕ್ಲಬ್‌ನದಾ?
– ಓದುಗರು, ಮೈಸೂರು

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ತಪ್ಪನ್ನು ಆರ್ಥರ್ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಬೇಸಿಗೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಹಿಂದಿನ ಸೀಸನ್‌ನಲ್ಲಿ ಲಿವರ್‌ಪೂಲ್ 63 ಪಂದ್ಯ ಆಡಿತ್ತು. ಎಲ್ಲ ಟೂರ್ನಿಯಲ್ಲೂ ಕೊನೆಯ ತನಕ ಹೋಗಿದ್ದರು. ಎರಡು ದೇಶೀಯ ಕಪ್ ಗೆದ್ದರು, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಒಂದೇ ಅಂಕದಲ್ಲಿ ಕೈತಪ್ಪಿತು, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್ ಸೋತರು. ಕಾಲುಗಳು ದಣಿದಿದ್ದವು. ಮಿಡ್‌ಫೀಲ್ಡ್‌ಗೆ ಬೇಕು ಅಂದುಕೊಂಡಿದ್ದ ಚುವಾಮೆನಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಇರುವವರಲ್ಲೇ ನಡೆಸೋಣ ಅಂತ ಕ್ಲಬ್ ಸುಮ್ಮನಾಯಿತು.

ಆಮೇಲೆ ಒಬ್ಬೊಬ್ಬರೇ ಬಿದ್ದರು. ಮೊದಲ ಪಂದ್ಯದಲ್ಲೇ ಫುಲ್‌ಹ್ಯಾಮ್ ವಿರುದ್ಧ ಥಿಯಾಗೊ ತೊಡೆ ಹಿಡಿದುಕೊಂಡು ಹೊರಗೆ ಬಂದರು. ಚೇಂಬರ್ಲೇನ್, ಕೀಟಾ, ಕರ್ಟಿಸ್ ಜೋನ್ಸ್ ಎಲ್ಲರಿಗೂ ಗಾಯ. ಆಗಸ್ಟ್ 31ರಂದು ನ್ಯೂಕ್ಯಾಸಲ್ ವಿರುದ್ಧ ನಾಯಕ ಹೆಂಡರ್ಸನ್ ಸಹ ಗಾಯಗೊಂಡರು. ಮಾರನೇ ದಿನ, ಅಂದರೆ ಸೆಪ್ಟೆಂಬರ್ 1, ವರ್ಗಾವಣೆಯ ಕೊನೇ ದಿನ. ಅವತ್ತೇ ಆರ್ಥರ್ ಬಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಅಂತಾರಲ್ಲ, ಅದೇ ಆಯಿತು. ಲೋನ್‌ಗೆ 45 ಲಕ್ಷ ಯೂರೊ, ಬೇಕಿದ್ದರೆ 3.75 ಕೋಟಿ ಯೂರೊ ಕೊಟ್ಟು ಖಾಯಂ ಮಾಡಿಕೊಳ್ಳಬಹುದು ಅನ್ನೋದು ಒಪ್ಪಂದ.

ಬಂದವರ ಸ್ಥಿತಿ ಹೇಗಿತ್ತು? ಆ ಸೀಸನ್‌ನಲ್ಲಿ ಯುವೆಂಟಸ್ ಪರ ಒಂದು ನಿಮಿಷವೂ ಆಡಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ಕಾಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು, ತಿರುಗಿ, ಸಣ್ಣ ಪಾಸ್ ಕೊಟ್ಟು ಆಟವನ್ನು ನಿಧಾನ ಮಾಡುವುದು ಅವರ ಕಲೆ. ಬ್ರೆಜಿಲ್‌ನ ಗ್ರೆಮಿಯೊ ಕ್ಲಬ್ ಪರ 2017ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿ ಲಿಬರ್ಟಡೋರೆಸ್ ಗೆದ್ದಿದ್ದು, ಬಾರ್ಸಿಲೋನಾ ಕರೆದಿದ್ದು ಎಲ್ಲ ಅದಕ್ಕೇ. ಲಿವರ್‌ಪೂಲ್‌ನ ಆಗಿನ ಕೋಚ್ ಕ್ಲಾಪ್ ಅವರ ತಂಡಕ್ಕೆ ಬೇಕಿದ್ದದ್ದು ಓಡುವವರು. ಚೆಂಡು ಕಳೆದುಕೊಂಡ ಕ್ಷಣವೇ ಮೂರು ಜನ ಒಟ್ಟಿಗೆ ಮೇಲೆ ಬೀಳುವ ತಂಡ ಅದು. ಹಸಿವಾದವನಿಗೆ ಒಳ್ಳೆಯ ಅಂಗಿ ಕೊಟ್ಟ ಹಾಗಾಯಿತು. ಅಂಗಿ ಕೆಟ್ಟದ್ದಲ್ಲ, ಹೊಟ್ಟೆ ತುಂಬಲ್ಲ ಅಷ್ಟೇ.

ಸೆಪ್ಟೆಂಬರ್ 7, ಇಟಲಿಯ ನೇಪಲ್ಸ್, ಅಲ್ಲಿನ ನಪೋಲಿ ಕ್ಲಬ್ ವಿರುದ್ಧ ಚಾಂಪಿಯನ್ಸ್ ಲೀಗ್. ನಮಗೆ ರಾತ್ರಿ ಹನ್ನೆರಡೂವರೆಗೆ ಶುರುವಾದ ಪಂದ್ಯ. ಅರ್ಧ ಸಮಯಕ್ಕೇ ನಪೋಲಿ 3-0 ಮುಂದಿತ್ತು. 36 ವರ್ಷದ ಮಿಲ್ನರ್, ಸುಸ್ತಾಗಿದ್ದ ಫ್ಯಾಬಿನೊ, ಇನ್ನೂ ಹುಡುಗ ಎಲಿಯಟ್. ನಪೋಲಿಯವರು ಆ ಮೂವರ ನಡುವೆ ದಾರಿ ಮಾಡಿಕೊಂಡು ಹೋಗಿ ಬರುತ್ತಿದ್ದರು. 4-1 ಆಗಿದ್ದಾಗ 77ನೇ ನಿಮಿಷಕ್ಕೆ ಆರ್ಥರ್ ಇಳಿದರು. ಆ ಹೊತ್ತಿಗೆ ಪಂದ್ಯ ಮುಗಿದ ಹಾಗೇ ಇತ್ತು. ನಿಮ್ಮ ಗೆಳೆಯರು ಹೇಳುವ 13 ನಿಮಿಷ ಅದೇ.

ಮುಂದಿನದು ಗಾಯದ ಮೇಲೆ ಬರೆ. ಮಾರನೇ ದಿನ ಬ್ರಿಟನ್ ರಾಣಿ ತೀರಿಕೊಂಡರು, ಲೀಗ್ ಪಂದ್ಯಗಳು ಮುಂದಕ್ಕೆ ಹೋದವು. ಆಮೇಲೆ ಅಂತರರಾಷ್ಟ್ರೀಯ ಬಿಡುವು. ಆಡಿ ಆಡಿಯೇ ಹದಕ್ಕೆ ಬರಬೇಕಿದ್ದ ಆಟಗಾರನಿಗೆ ಆಡಲು ಪಂದ್ಯಗಳೇ ಕಡಿಮೆ. ಆಗ ಆರ್ಥರ್ ಏನು ಮಾಡಿದರು ಗೊತ್ತಾ? 21ರ ಒಳಗಿನವರ ತಂಡದ ಜೊತೆ ಹೋಗಿ ಆಡಿದರು. ಆಗ ನಾಲ್ಕನೇ ದರ್ಜೆಯಲ್ಲಿದ್ದ ರೋಚ್‌ಡೇಲ್ ಕ್ಲಬ್‌ನ ಮೈದಾನದಲ್ಲಿ, ತಮಗಿಂತ ಎಷ್ಟೋ ಚಿಕ್ಕ ಹುಡುಗರ ಮಧ್ಯೆ. ಬ್ರೆಜಿಲ್ ಪರ ಕೋಪಾ ಅಮೆರಿಕ ಗೆದ್ದ ಆಟಗಾರ ಹಾಗೆ ಮಾಡುವುದು ಸಣ್ಣ ಮಾತಲ್ಲ. ಸೋಮಾರಿ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಅಕ್ಟೋಬರ್ ಶುರುವಿನಲ್ಲಿ ತರಬೇತಿಯಲ್ಲಿ ತೊಡೆಯ ಸ್ನಾಯುವಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆಯಿತು. ಅವರು ವಾಪಸ್ ಬರುವಷ್ಟರಲ್ಲಿ 18 ವರ್ಷದ ಬಾಯ್ಚೆಟಿಚ್ ಆ ಜಾಗ ಹಿಡಿದಿದ್ದರು. ಸೀಸನ್ ಮುಗಿಯಿತು, ಲಿವರ್‌ಪೂಲ್ 67 ಅಂಕದೊಂದಿಗೆ ಐದನೇ ಸ್ಥಾನ, ಆರ್ಥರ್ ಯುವೆಂಟಸ್‌ಗೆ ವಾಪಸ್.

ಈಗ ನಿಮ್ಮ ಪ್ರಶ್ನೆಯ ಬೇರಿಗೆ ಬರುತ್ತೇನೆ. ಸರಿಯಾಗಿ ಒಂದು ವರ್ಷದ ಮೇಲೆ, 2023ರ ಸೆಪ್ಟೆಂಬರ್ 1ರಂದು, ಅದೇ ಕ್ಲಬ್ ಕೊನೇ ದಿನ ಇನ್ನೊಬ್ಬ ಮಿಡ್‌ಫೀಲ್ಡರ್ ತಂದಿತು. ಜರ್ಮನಿಯ ಬಯರ್ನ್‌ನಿಂದ ರಯಾನ್ ಗ್ರಾವೆನ್‌ಬರ್ಕ್. ಅವರೂ ಹಿಂದಿನ ಕ್ಲಬ್‌ನಲ್ಲಿ ಜಾಸ್ತಿ ಆಡದೆ ಬಂದವರೇ. ಮೊದಲ ವರ್ಷ ಅಂಥದ್ದೇನೂ ಮಾಡಲಿಲ್ಲ, ತಂಡದ ಒಳಗೂ ಹೊರಗೂ ಓಡಾಡಿಕೊಂಡಿದ್ದರು. ಎರಡನೇ ವರ್ಷ ಹೊಸ ಕೋಚ್ ಸ್ಲಾಟ್ ಬಂದು ಗ್ರಾವೆನ್‌ಬರ್ಕ್ ಅವರನ್ನು ಡಿಫೆನ್ಸ್‌ನ ಮುಂದೆ ನಿಲ್ಲಿಸಿದರು. ಲಿವರ್‌ಪೂಲ್ ಲೀಗ್ ಗೆದ್ದಿತು, ಗ್ರಾವೆನ್‌ಬರ್ಕ್ 2024-25ರ ಪ್ರೀಮಿಯರ್ ಲೀಗ್‌ನ ಅತ್ಯುತ್ತಮ ಯುವ ಆಟಗಾರ ಆದರು. ಇಬ್ಬರ ನಡುವೆ ವಯಸ್ಸು, ಮೈಕಟ್ಟು ಎಲ್ಲ ಬೇರೆ ಇರಬಹುದು. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಒಂದೇ. ಗ್ರಾವೆನ್‌ಬರ್ಕ್ ಅವರನ್ನು ಕೊಂಡು ತಂದಿದ್ದರು, ಹಾಗಾಗಿ ಅವರಿಗೆ ಎರಡನೇ ವರ್ಷ ಇತ್ತು. ಲೋನ್ ಆಟಗಾರನಿಗೆ ಎರಡನೇ ವರ್ಷ ಇರುವುದಿಲ್ಲ.

ವಿಂಗರ್ ಆದರೆ ಬದಿಯಲ್ಲಿ ಚೆಂಡು ಸಿಕ್ಕರೆ ಎದುರಿನವನನ್ನು ದಾಟಬೇಕು, ಅಷ್ಟೇ. ಮೂರು ದಿನದಲ್ಲಿ ಶುರು ಮಾಡಬಹುದು. ಮಿಡ್‌ಫೀಲ್ಡರ್ ಹಾಗಲ್ಲ. ಚೆಂಡು ಬರುವ ಮುಂಚೆಯೇ ಹೆಗಲ ಮೇಲಿಂದ ಹಿಂದೆ ನೋಡಿ ಯಾರು ಎಲ್ಲಿದ್ದಾರೆ ಅಂತ ತಿಳಿದಿರಬೇಕು. ಎಡಗಡೆಯವನಿಗೆ ಪಾಸ್ ಕಾಲಿಗೆ ಬೇಕಾ, ಮುಂದಕ್ಕೆ ಬೇಕಾ? ಬದಿಯ ಡಿಫೆಂಡರ್ ಮುಂದಕ್ಕೆ ಓಡಿದರೆ ಅವನ ಜಾಗ ಯಾರು ಕಾಯಬೇಕು? ಇದನ್ನೆಲ್ಲ ಯಾರೂ ಬೋರ್ಡ್ ಮೇಲೆ ಬರೆದು ಕಲಿಸಲು ಆಗಲ್ಲ. ಒಟ್ಟಿಗೆ ಆಡಿ ಆಡಿ ಬರಬೇಕು.

2024ರ ಫೆಬ್ರುವರಿ 1ರಂದು ಕ್ಯಾಲ್ವಿನ್ ಫಿಲಿಪ್ಸ್ ವೆಸ್ಟ್ ಹ್ಯಾಮ್ ಪರ ಮೊದಲ ಪಂದ್ಯ ಆಡಿದ್ದನ್ನು ನೋಡಿದ್ದರೆ ನಿಮಗೆ ಅರ್ಥವಾಗುತ್ತದೆ. ಮ್ಯಾಂಚೆಸ್ಟರ್ ಸಿಟಿಯಲ್ಲಿ ಒಂದೂವರೆ ವರ್ಷ ಬೆಂಚ್ ಮೇಲೆ ಕೂತು ಲೋನ್ ಮೇಲೆ ಬಂದಿದ್ದರು. ಬೋರ್ನ್‌ಮತ್ ವಿರುದ್ಧ ಮೂರನೇ ನಿಮಿಷ. ಹಿಂದಕ್ಕೆ ಕೊಟ್ಟ ಪಾಸ್ ಸರಿಯಾಗಿ ಹೋಗಲಿಲ್ಲ, ಸೊಲಾಂಕೆ ಗೋಲು ಹೊಡೆದರು. ಕಾಲು ಮರೆತಿರಲಿಲ್ಲ. ಹಿಂದೆ ಯಾರು ಎಷ್ಟು ದೂರದಲ್ಲಿ ನಿಂತಿರುತ್ತಾರೆ ಅನ್ನುವ ಅಂದಾಜು ಇನ್ನೂ ಬಂದಿರಲಿಲ್ಲ. ಅದೇ ತಿಂಗಳು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ರೆಡ್ ಕಾರ್ಡ್ ಕೂಡ ಆಯಿತು. ಯೂರೊ 2020 ಫೈನಲ್ ಆಡಿದ ಇಂಗ್ಲೆಂಡ್ ತಂಡದಲ್ಲಿದ್ದ ಆಟಗಾರ ಇವರು.

ಆದ್ದರಿಂದ ನಿಮ್ಮ ಗೆಳೆಯರಿಗೆ ಹೀಗೆ ಹೇಳಿ: ತಪ್ಪಾಗಿದ್ದು ಆ 13 ನಿಮಿಷದಲ್ಲಲ್ಲ, ಅದಕ್ಕೂ ಮುಂಚಿನ ಮೂರು ತಿಂಗಳಲ್ಲಿ. ಕ್ಲಬ್‌ಗೂ ಅದು ಗೊತ್ತಾಯಿತು. 2023ರ ಬೇಸಿಗೆಯಲ್ಲಿ ಮ್ಯಾಕ್ ಅಲಿಸ್ಟರ್, ಸೊಬೊಸ್ಲಾಯ್, ಎಂಡೊ, ಗ್ರಾವೆನ್‌ಬರ್ಕ್ ನಾಲ್ವರನ್ನೂ ಕೊಂಡರು. ಲೋನ್ ಅಲ್ಲ, ಖಾಯಂ.

ಪ್ರಶ್ನೆ: ನಾನು ಆರ್ಸೆನಲ್ ಕಡೆಯವನು. ನಮಗೆ ಲೋನ್ ಅಂದರೇ ಭಯ. ಹಾಗೆ ಬಂದ ಮಿಡ್‌ಫೀಲ್ಡರ್‌ಗಳು ಷಾಲ್‌ಸ್ಟ್ರೋಮ್, ಡೆನಿಸ್ ಸ್ವಾರೆಜ್ ಇಬ್ಬರನ್ನೂ ನೋಡಿದ್ದೇವೆ. ಹಾಗಾದರೆ ಮಿಡ್‌ಫೀಲ್ಡ್‌ಗೆ ಲೋನ್ ಮಾಡಲೇಬಾರದಾ?
– ಓದುಗರು, ಮಂಗಳೂರು

ಉತ್ತರ: ಮಾಡಬಾರದು ಅಂತಲ್ಲ. ನೀವೇ ಒಬ್ಬರನ್ನು ಮರೆತಿರಿ, ಒಡೆಗಾರ್ಡ್. 2021ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಲೋನ್ ಮೇಲೆ ಬಂದರು, ಆಗಸ್ಟ್‌ನಲ್ಲಿ ಖಾಯಂ ಆದರು, 2022ರಲ್ಲಿ ನಾಯಕರಾದರು. ಆದರೆ ಲೋನ್‌ನ ಆ ಅರ್ಧ ಸೀಸನ್ ಮಾತ್ರ ನೋಡಿ ಯಾರೂ ಇವರು ಮುಂದೆ ನಾಯಕರಾಗುತ್ತಾರೆ ಅಂತ ಹೇಳುತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸದೆ ಕೊಂಡಿದ್ದೇ ಆರ್ಸೆನಲ್‌ನ ಜಾಣತನ. ಚೆಲ್ಸಿ ಕೊವಾಚಿಚ್ ವಿಷಯದಲ್ಲಿ ಮಾಡಿದ್ದೂ ಅದನ್ನೇ. ಒಂದು ವರ್ಷ ಲೋನ್, ಆಮೇಲೆ ಖರೀದಿ. ಕೊಳ್ಳುವ ಮನಸ್ಸಿಟ್ಟುಕೊಂಡು ತರುವ ಲೋನ್ ಬೇರೆ, ಗುಂಡಿ ಮುಚ್ಚಲು ತರುವ ಲೋನ್ ಬೇರೆ.

ಷಾಲ್‌ಸ್ಟ್ರೋಮ್ ಕಥೆ ನನಗೆ ಇವತ್ತಿಗೂ ಇಷ್ಟ. 2014ರ ಜನವರಿ ಕೊನೇ ದಿನ ಸ್ಪಾರ್ಟಕ್ ಮಾಸ್ಕೊದಿಂದ ಬಂದರು. ಬರುವಾಗಲೇ ಬೆನ್ನಿಗೆ ಗಾಯ. ವೈದ್ಯಕೀಯ ತಪಾಸಣೆಯಲ್ಲಿ ಅದು ಗೊತ್ತಾದರೂ ಬೇರೆಯವರನ್ನು ಹುಡುಕಲು ಸಮಯ ಇರಲಿಲ್ಲ. ಒಟ್ಟು ನಾಲ್ಕೇ ಪಂದ್ಯ. ಆದರೆ ಅದರಲ್ಲಿ ಒಂದು ವಿಗನ್ ವಿರುದ್ಧದ ಎಫ್‌ಎ ಕಪ್ ಸೆಮಿಫೈನಲ್. ಶೂಟೌಟ್‌ನಲ್ಲಿ ತಮ್ಮ ಪೆನಾಲ್ಟಿಯನ್ನು ಗೋಲಾಗಿಸಿದರು. ಆರ್ಸೆನಲ್ ಆ ವರ್ಷ ಕಪ್ ಎತ್ತಿತು, ಒಂಬತ್ತು ವರ್ಷದ ಬರ ನೀಗಿತು. ಆ ಒಂದು ಕಿಕ್‌ಗಾದರೂ ಅವರ ಹೆಸರನ್ನು ನೀವು ಗೌರವದಿಂದ ಹೇಳಬೇಕು. ಸ್ವಾರೆಜ್ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. 2019ರಲ್ಲಿ ಒಮ್ಮೆಯೂ ಮೊದಲ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ.

ಪ್ರಶ್ನೆ: ಲೋನ್ ಆಟಗಾರ ತನ್ನ ಮೂಲ ಕ್ಲಬ್ ವಿರುದ್ಧ ಆಡಬಹುದಾ? ಒಮ್ಮೆ ಆಡುತ್ತಾರೆ, ಒಮ್ಮೆ ಇಲ್ಲ ಅಂತಾರೆ.
– ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಸರಿ. ಪ್ರೀಮಿಯರ್ ಲೀಗ್ ಪಂದ್ಯದಲ್ಲಿ ಆಡುವಂತಿಲ್ಲ. ಯುರೋಪಿನ ಟೂರ್ನಿಯಲ್ಲಿ ಆಡಬಹುದು. 2014ರಲ್ಲಿ ಸ್ಪೇನ್‌ನ ಅಟ್ಲೆಟಿಕೊದಲ್ಲಿ ಲೋನ್ ಮೇಲಿದ್ದ ಗೋಲ್‌ಕೀಪರ್ ಕುರ್ಟ್ವಾ ತಮ್ಮ ಮೂಲ ಕ್ಲಬ್ ಚೆಲ್ಸಿ ವಿರುದ್ಧವೇ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಬೇಕಾಗಿ ಬಂತು. ತಡೆಯುವ ಷರತ್ತು ಇದ್ದರೂ ಅದು ನಡೆಯಲ್ಲ ಅಂತ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಖಡಾಖಂಡಿತವಾಗಿ ಹೇಳಿತು. 2020ರಲ್ಲಿ ಲಿಸ್ಬನ್‌ನಲ್ಲಿ ಬಯರ್ನ್ 8-2ರಲ್ಲಿ ಬಾರ್ಸಿಲೋನಾವನ್ನು ಸೋಲಿಸಿತಲ್ಲ, ಕೊನೆಯ ಎರಡು ಗೋಲು ಹೊಡೆದ ಕುಟಿನೊ ಆಗ ಬಾರ್ಸಿಲೋನಾದ ಆಟಗಾರನೇ, ಬಯರ್ನ್‌ಗೆ ಲೋನ್ ಮೇಲೆ ಹೋಗಿದ್ದವರು.

ಪ್ರಶ್ನೆ: ನನ್ನ ಮಗನಿಗೆ 18. ಸೆಂಟ್ರಲ್ ಮಿಡ್‌ಫೀಲ್ಡ್ ಆಡುತ್ತಾನೆ. ಅವನ ಕ್ಲಬ್‌ನವರು ಅರ್ಧ ಸೀಸನ್‌ಗೆ ಬೇರೆ ಕ್ಲಬ್‌ಗೆ ಲೋನ್ ಕಳಿಸುತ್ತೇವೆ ಅಂತಿದ್ದಾರೆ. ಅವನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ತನ್ನನ್ನು ಬೇಡ ಅಂದರು ಅಂದುಕೊಂಡಿದ್ದಾನೆ. ಕಳಿಸಲಾ, ಬೇಡವಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಅಮ್ಮಾ, ಮೊದಲು ಅವನಿಗೆ ಊಟ ಹಾಕಿ. ಪಕ್ಕದಲ್ಲಿ ಕೂತು ಒಂದು ಮಾತು ಹೇಳಿ. ಈ ವಯಸ್ಸಿನಲ್ಲಿ ಬೇಡ ಅಂದವರನ್ನು ಕ್ಲಬ್ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ, ಲೋನ್ ಕಳಿಸುವ ತಾಪತ್ರಯಕ್ಕೆ ಹೋಗುವುದಿಲ್ಲ. ಬೆಂಚ್ ಮೇಲೆ ಕೂತು 18ನೇ ವಯಸ್ಸು ಕಳೆಯುವುದಕ್ಕಿಂತ ಎಲ್ಲಾದರೂ ಆಡುವುದು ಒಳ್ಳೆಯದು.

ಆದರೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಕೆಲವು ವರ್ಷದ ಹಿಂದೆ ನಾನು ತರಬೇತಿ ಕೊಡುತ್ತಿದ್ದ ತಂಡಕ್ಕೆ ಇಂಥದ್ದೇ ಒಬ್ಬ ಹುಡುಗ ಲೋನ್ ಮೇಲೆ ಬಂದಿದ್ದ. ಒಳ್ಳೆಯ ಕಾಲು. ಮೊದಲ ಮೂರು ಪಂದ್ಯ ಅವನ ಪಾಸ್ ಎಲ್ಲ ನಮ್ಮ ಲೆಫ್ಟ್ ಬ್ಯಾಕ್‌ನ (ಎಡಬದಿಯ ಡಿಫೆಂಡರ್) ಹಿಂದಕ್ಕೇ ಹೋಗುತ್ತಿದ್ದವು, ಅರ್ಧ ಹೆಜ್ಜೆಯಷ್ಟು. ಹಳೆಯ ತಂಡದಲ್ಲಿ ಆ ಜಾಗದಲ್ಲಿ ಆಡುತ್ತಿದ್ದವನು ನಿಧಾನ ಓಡುತ್ತಿದ್ದನಂತೆ. ನಮ್ಮವನು ಜೋರು. ಪ್ರೇಕ್ಷಕರು ಕೂಗಿದರು, ನಾನೂ ಒಮ್ಮೆ ಅವನನ್ನು ಅರ್ಧದಲ್ಲೇ ಹೊರಗೆ ಕರೆದೆ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಚೆಲ್ಸಿಗೆ ಲೋನ್ ಮೇಲೆ ಬಂದಿದ್ದ ಮಿಡ್‌ಫೀಲ್ಡರ್ ಸೌಲ್ ಅವರನ್ನು ಮೊದಲ ಪಂದ್ಯದ ಅರ್ಧ ಸಮಯಕ್ಕೇ ಹೊರಗೆ ಕರೆದಾಗ ಆ ಹುಡುಗನ ಮುಖವೇ ಕಣ್ಣ ಮುಂದೆ ಬಂತು. ಅವತ್ತು ಹೊರಗೆ ಕರೆದ ಮೇಲೆ ಆ ಹುಡುಗನನ್ನೂ ಲೆಫ್ಟ್ ಬ್ಯಾಕ್‌ನನ್ನೂ ದಿನಾ ಅಭ್ಯಾಸ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿಸಿಕೊಂಡೆ. ಬರೀ ಅದೊಂದೇ ಪಾಸ್. ಐದನೇ ಪಂದ್ಯದ ಹೊತ್ತಿಗೆ ಚೆಂಡು ಓಡುವವನ ಕಾಲಿಗೆ ಸರಿಯಾಗಿ ಬೀಳತೊಡಗಿತು. ಆರನೇ ಪಂದ್ಯ ಆಗುವಷ್ಟರಲ್ಲಿ ಅವನ ಅವಧಿ ಮುಗಿದಿತ್ತು.

ಹಾಗಾಗಿ ಅರ್ಧ ಸೀಸನ್ ಅಂದರೆ ಸಾಲದು, ಪೂರ್ತಿ ಸೀಸನ್ ಕೇಳಿ. ಹೊಸ ಕೋಚ್ ಜೊತೆ ನೀವೇ ಫೋನ್‌ನಲ್ಲಿ ಮಾತಾಡಿ. ಅವರಿಗೆ ಮಿಡ್‌ಫೀಲ್ಡರ್ ಯಾಕೆ ಬೇಕಾಗಿದೆ, ಯಾರಿಗಾದರೂ ಗಾಯವಾಗಿದೆಯಾ, ಆ ಆಟಗಾರ ಯಾವಾಗ ವಾಪಸ್ ಬರುತ್ತಾನೆ ಅಂತ ಕೇಳಿ. ಗಾಯಗೊಂಡವನು ಎರಡು ತಿಂಗಳಲ್ಲಿ ಬರುವುದಾದರೆ ನಿಮ್ಮ ಮಗ ಮೂರನೇ ತಿಂಗಳಿಂದ ಬೆಂಚ್ ಮೇಲೆ. ಗಾಯವಾದರೆ ಚಿಕಿತ್ಸೆ ಖರ್ಚು ಯಾವ ಕ್ಲಬ್‌ನದು, ಮಧ್ಯದಲ್ಲಿ ಬೇಕಿದ್ದರೆ ವಾಪಸ್ ಕರೆಸಿಕೊಳ್ಳುತ್ತಾರಾ ಅನ್ನುವುದು ಕಾಗದದ ಮೇಲೆ ಇರಲಿ. ಮತ್ತೆ ಸೀಸನ್ ಶುರುವಾಗುವ ಮುಂಚಿನ ಅಭ್ಯಾಸಕ್ಕೇ ಅವನನ್ನು ಅಲ್ಲಿಗೆ ಕಳಿಸಿ. ಎಲ್ಲರ ಜೊತೆ ಮೊದಲ ದಿನದಿಂದ ಓಡಲಿ. ಅಲ್ಲಿನ ಲೆಫ್ಟ್ ಬ್ಯಾಕ್ ಯಾರು ಅಂತ ಮೊದಲ ವಾರವೇ ಕೇಳಿ ತಿಳಿದುಕೊಳ್ಳಲು ಹೇಳಿ.